ಮೂರನೆಯ ಮಡಿಯ ಮೂವತ್ತಾರು ಸೇರು

ಜಲೀಲ್ ಸಾಬರು ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಆದರೂ ೧೯೬೧ರ ಶಿವಮೊಗ್ಗದಲ್ಲಿ ಅವರಷ್ಟು ಕನ್ನಡ ಓದಿದವರನ್ನು ಹುಡುಕಬೇಕಾದರೆ ಸ್ವಲ್ಪ ಕಷ್ಟವೇ ಆಗುತ್ತಿತ್ತು. ಕೋಟೆಯ ಬೀದಿಯಲ್ಲಿದ್ದ ಶಿವಮೂರ್ತಪ್ಪನವರ ಪ್ರೆಸ್ಸಿನಲ್ಲಿ ಅವರು ಹದಿನಾರು ವರ್ಷದಿಂದ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಲಗ್ನಪತ್ರಿಕೆ, ಸೊಸೈಟಿ ವರದಿ, ದೇವಸ್ಥಾನದ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಹೀಗೆ ಊರಿನಲ್ಲಿ ಅಚ್ಚಾಗುವ ಮಾತೆಲ್ಲ ಒಂದೊಂದೇ ಸೀಸದ ಅಕ್ಷರವಾಗಿ ಅವರ ಬೆರಳ ತುದಿಯಿಂದಲೇ ಹಾದುಹೋಗಬೇಕು. ಕಣ್ಣಿನಿಂದ ಓದಿದ್ದು ಮರೆತುಹೋಗಬಹುದು, ಕೈಯಿಂದ ಓದಿದ್ದು ಅಷ್ಟು ಬೇಗ ಮರೆಯುವುದಿಲ್ಲ.

ಆ ಪ್ರೆಸ್ಸಿಗೆ ಬರುವ ಕೆಲಸಗಳಲ್ಲೆಲ್ಲ ಜಲೀಲ್ ಸಾಬರಿಗೆ ಹೆಚ್ಚು ಇಷ್ಟವಾದದ್ದು ‘ನೆಲವಿಜ್ಞಾನ’ ಎಂಬ ತ್ರೈಮಾಸಿಕ. ಮಣ್ಣು, ನೀರು, ಬೆಳೆ, ಅದಿರು ಇವುಗಳ ಮೇಲೆ ನಡೆದ ಸಂಶೋಧನೆಗಳನ್ನು ಕನ್ನಡದಲ್ಲಿಯೇ ಪ್ರಕಟಿಸಬೇಕೆಂದು ಹಟತೊಟ್ಟು ಅದನ್ನು ನಡೆಸುತ್ತಿದ್ದವರು ಷಣ್ಮುಖಪ್ಪ ಮೇಷ್ಟ್ರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತರಾದವರು. ದುರ್ಗಿಗುಡಿಯ ಮನೆಯಿಂದ ಕೊಡೆ ಹಿಡಿದು ನಡೆದೇ ಬರುತ್ತಿದ್ದರು. ಬಂದ ಲೇಖನ ಎಷ್ಟು ದೊಡ್ಡವರದ್ದೇ ಆಗಲಿ, ಆ ವಿಷಯ ಬಲ್ಲ ಇಬ್ಬರಿಗೆ ಬರೆದವರ ಹೆಸರು ತೆಗೆದು ಕಳಿಸಿ, ಅವರು ಒಪ್ಪಿದ ಮೇಲೆಯೇ ಪ್ರೆಸ್ಸಿಗೆ ಕೊಡುವುದು ಅವರ ಪದ್ಧತಿ. ಮುನ್ನೂರು ಪ್ರತಿ ಅಚ್ಚಾಗುವ ಪತ್ರಿಕೆಗೆ ಇಷ್ಟು ಸಡಗರ ಏಕೆ ಎಂದು ಶಿವಮೂರ್ತಪ್ಪನವರು ತಮಾಷೆ ಮಾಡಿದರೆ ಮೇಷ್ಟ್ರು ನಕ್ಕುಬಿಡುತ್ತಿದ್ದರು.

ಆ ವರ್ಷದ ಮಾರ್ಚ್‌ನಲ್ಲಿ ಒಂದು ಲೇಖನ ಬಂತು. ಬರೆದವರು ಹೊರ ಊರಿನ ಕಾಲೇಜೊಂದರ ಪ್ರೊಫೆಸರು, ಪತ್ರಿಕೆಯ ಸಲಹಾ ಸಮಿತಿಯಲ್ಲಿಯೂ ಇದ್ದವರು. ಅವರ ಹೆಸರನ್ನು ಮೇಷ್ಟ್ರು ಆಮೇಲೆ ಯಾರ ಮುಂದೆಯೂ ಎತ್ತಲಿಲ್ಲ. ಆದ್ದರಿಂದ ಇಲ್ಲಿಯೂ ಅದು ಬೇಡ. ಹುಳಿ ಮಣ್ಣಿನ ಗದ್ದೆಗೆ ಕಬ್ಬಿಣದ ಕಿಟ್ಟವನ್ನು ಪುಡಿ ಮಾಡಿ ಹಾಕಿದರೆ ಭತ್ತದ ಇಳುವರಿ ಹೆಚ್ಚುತ್ತದೆ ಎನ್ನುವುದು ಲೇಖನದ ಸಾರಾಂಶ. ಕುಲುಮೆಯಲ್ಲಿ ಕಬ್ಬಿಣ ಕರಗಿಸಿದ ಮೇಲೆ ಉಳಿದು ರಾಶಿ ಬೀಳುವ ಕಿಟ್ಟ ಬೇಸಾಯಕ್ಕೆ ಬರುತ್ತದೆಂದರೆ ಸಣ್ಣ ಸುದ್ದಿಯೇನಲ್ಲ. ಓದಿದ ಇಬ್ಬರೂ ಮೆಚ್ಚಿ ಬರೆದಿದ್ದರು.

ಜಲೀಲ್ ಸಾಬರು ಮಧ್ಯಾಹ್ನ ಊಟ ಮುಗಿಸಿ ಬಂದು ಹಸ್ತಪ್ರತಿಯನ್ನು ಎದುರಿಗೆ ಸಿಕ್ಕಿಸಿಕೊಂಡು ಕೆಲಸ ಶುರುಮಾಡಿದರು. ಮೊದಲ ಪುಟ ಸಲೀಸಾಗಿ ಆಯಿತು. ಎರಡನೆಯ ಪುಟದ ನಡುವೆ ಒಂದು ವಾಕ್ಯ: ‘ಎಂಟು ದಿನ ಕಳೆದ ಮೇಲೆ ಮಡಿಯ ನೀರು ತುಕ್ಕಿನ ಬಣ್ಣವನ್ನು ಬಿಟ್ಟುಕೊಡುತ್ತದೆ.’ ಅವರ ಕಣ್ಣು ಇನ್ನೂ ‘ಮಡಿಯ ನೀರು’ ಎಂಬಲ್ಲಿತ್ತು. ಕೈ ಆಗಲೇ ‘ತುಕ್ಕಿನ’ ತು ಅಕ್ಷರದ ಗೂಡಿನಲ್ಲಿತ್ತು.

ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಈ ಮಾತನ್ನು ತಾನು ಹಿಂದೆ ಜೋಡಿಸಿದ್ದೇನೆ. ಯಾವಾಗ? ಪುಟ ತಿರುವಿದರು. ಕೊನೆಯಲ್ಲಿ ಗದ್ದೆಯ ಐದು ಮಡಿಗಳ ಇಳುವರಿಯ ಕೋಷ್ಟಕವಿತ್ತು. ಮೊದಲನೆಯದು ೩೧ ಸೇರು, ಎರಡನೆಯದು ೩೪, ಮೂರನೆಯದು ೩೬, ನಾಲ್ಕನೆಯದು ೪೫, ಐದನೆಯದು ೪೧. ಒಟ್ಟು ೧೯೦.

ಮೂರನೆಯ ಮಡಿಯ ಮೂವತ್ತಾರನ್ನು ಕಂಡದ್ದೇ ತಡ, ಜಲೀಲ್ ಸಾಬರಿಗೆ ಎಲ್ಲ ನೆನಪಾಯಿತು.

ನಾಲ್ಕು ವರ್ಷದ ಹಿಂದೆ, ೧೯೫೭ರಲ್ಲಿ, ಭದ್ರಾವತಿಯ ಕಾರ್ಖಾನೆಯ ಕೆಲಸಗಾರರು ತಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಒಂದು ಸಂಚಿಕೆ ಮಾಡಿಸಿದ್ದರು. ಹಾಡು, ನಾಟಕದ ದೃಶ್ಯ, ಆಟೋಟದ ವರದಿ, ಅವುಗಳ ನಡುವೆ ‘ಹುಳಿ ಮಣ್ಣಿಗೆ ಕಿಟ್ಟದ ಪುಡಿ’ ಎಂಬ ಲೇಖನ. ಬರೆದವರು ಹೊನ್ನಯ್ಯ ಎಂಬ ಲ್ಯಾಬೋರೇಟರಿ ಸಹಾಯಕರು. ಆ ಲೇಖನದ ಕೋಷ್ಟಕದಲ್ಲಿ ಮೂರನೆಯ ಮಡಿಗೆ ಇದ್ದದ್ದು ಮೂವತ್ತೊಂಬತ್ತು ಸೇರು. ಕನ್ನಡದ ಆರಕ್ಕೂ ಒಂಬತ್ತಕ್ಕೂ ಬಾಲ ಯಾವ ಕಡೆ ತಿರುಗಿದೆ ಎನ್ನುವುದಷ್ಟೇ ವ್ಯತ್ಯಾಸ. ಒಂಬತ್ತರ ಗೂಡಿಗೆ ಹೇಗೋ ಬಂದು ಸೇರಿದ್ದ ಆರನ್ನು ಜಲೀಲ್ ಸಾಬರ ಕೈ ಎತ್ತಿಕೊಂಡಿತ್ತು. ಪ್ರೂಫ್ ನೋಡಿದ ಸಂಘದ ಕಾರ್ಯದರ್ಶಿ ಅಂಕಿಗಳ ಕಡೆ ಕಣ್ಣು ಹಾಯಿಸಿರಲಿಲ್ಲ. ಅಚ್ಚು ಮುಗಿದು, ಮೊಳೆಗಳನ್ನು ಬಿಡಿಸಿ ಮತ್ತೆ ಗೂಡುಗಳಿಗೆ ಹಾಕುವಾಗ ಜಲೀಲ್ ಸಾಬರಿಗೆ ತಪ್ಪು ಗೊತ್ತಾಯಿತು. ಅಷ್ಟರಲ್ಲಿ ಪುಸ್ತಕಗಳು ಹೊಲಿಗೆಯಾಗಿ ಭದ್ರಾವತಿಯ ರೈಲು ಹತ್ತಿದ್ದವು. ‘ಜಲೀಲನ ಕೈಗೆ ಕೊಟ್ಟರೆ ಪ್ರೂಫೇ ಬೇಡ’ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಯಜಮಾನರಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಅಂದಿನಿಂದ ಅದು ಅಂಗಾಲಿನ ಮುಳ್ಳಿನ ಹಾಗೆ ಅವರಲ್ಲಿ ಉಳಿದುಕೊಂಡಿತ್ತು.

ಈಗ ಆ ಮುಳ್ಳೇ ದೊಡ್ಡ ಪ್ರೊಫೆಸರರ ಹಸ್ತಪ್ರತಿಯಲ್ಲಿ ಎದ್ದು ಕೂತಿದೆ. ಪ್ರೊಫೆಸರರೇ ಅಳೆದ ಭತ್ತವಾಗಿದ್ದರೆ ಅದು ಹೇಗೆ ಜಲೀಲ್ ಸಾಬರ ತಪ್ಪಿಗೆ ಸರಿಯಾಗಿ ಮೂರು ಸೇರು ಕಡಿಮೆಯಾಗುತ್ತದೆ? ಅದೂ ಹೋಗಲಿ, ಐದೂ ಅಂಕಿ ಕೂಡಿದರೆ ನೂರ ಎಂಬತ್ತೇಳು ಬರುತ್ತದೆ, ನೂರ ತೊಂಬತ್ತಲ್ಲ. ಹೊನ್ನಯ್ಯನ ಮೊತ್ತ ಸರಿ ಇತ್ತು, ತಪ್ಪಿದ್ದು ಅಚ್ಚಿನದು. ಪ್ರೊಫೆಸರರು ತಪ್ಪನ್ನೂ ಮೊತ್ತವನ್ನೂ ಒಟ್ಟಿಗೇ ಎತ್ತಿಕೊಂಡಿದ್ದರು.

ಅಂದು ಜಲೀಲ್ ಸಾಬರು ಮನೆಗೆ ಬೇಗ ಹೋದರು. ಹೆಂಡತಿ ಹಫೀಜಾ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ವಿಷಯ ಹೇಳಿದರು.

“ಹೇಳಿದರೆ ನನ್ನ ತಪ್ಪೂ ಹೊರಗೆ ಬರತ್ತೆ. ಹದಿನಾರು ವರ್ಷದ ಹೆಸರು” ಎಂದರು.

ಹಫೀಜಾ ಮೊರ ಕೆಳಗಿಟ್ಟಳು. “ಹೇಳದೇ ಇದ್ರೆ ನಿಮ್ಮ ಹೆಸರು ಉಳಿಯತ್ತೆ, ಭದ್ರಾವತಿಯವರ ಹೆಸರು ಹೋಗತ್ತೆ. ನಿಮಗೆ ಊಟ ಸೇರತ್ತಾ?”

ಮರುದಿನ ಬೆಳಿಗ್ಗೆ ಪ್ರೆಸ್ಸಿಗೆ ಹೋಗುವ ಬದಲು ಜಲೀಲ್ ಸಾಬರು ನೇರ ದುರ್ಗಿಗುಡಿಗೆ ನಡೆದರು. ಹಿಂದಿನ ದಿನವೇ ಪ್ರೆಸ್ಸಿನ ಅಟ್ಟದಿಂದ ತೆಗೆದ ಹಳೆಯ ಸಂಚಿಕೆ, ಪ್ರೊಫೆಸರರ ಹಸ್ತಪ್ರತಿ ಎರಡೂ ಕಂಕುಳಲ್ಲಿದ್ದವು. ಮೇಷ್ಟ್ರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

“ಮೇಷ್ಟ್ರೇ, ಎರಡು ವಿಷಯ ಇದೆ. ಒಂದು ನನ್ನ ತಪ್ಪು, ಇನ್ನೊಂದು ಬೇರೆಯವರದ್ದು. ನನ್ನದನ್ನ ಮೊದಲು ಹೇಳಿಬಿಡ್ತೀನಿ.”

ಮೇಷ್ಟ್ರು ಎಲ್ಲವನ್ನೂ ಕೇಳಿದರು. ಹಳೆಯ ಸಂಚಿಕೆಯನ್ನೂ ಹಸ್ತಪ್ರತಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಪೆನ್ಸಿಲಿನಿಂದ ಒಂದೊಂದೇ ಸಾಲಿಗೆ ಗುರುತು ಹಾಕುತ್ತ ಹೋದರು. ಒಂದು ಗಂಟೆಯಾಯಿತು. ಇಪ್ಪತ್ತಾರು ವಾಕ್ಯಗಳು ಅಕ್ಷರ ಬಿಡದೆ ಹಾಗೇ ಇದ್ದವು. ಇನ್ನುಳಿದವುಗಳಲ್ಲಿ ‘ನಾನು’ ಇದ್ದಲ್ಲಿ ‘ನಾವು’ ಆಗಿತ್ತು, ‘ನಮ್ಮಣ್ಣನ ಗದ್ದೆ’ ಇದ್ದಲ್ಲಿ ‘ಪ್ರಯೋಗಕ್ಷೇತ್ರ’ ಆಗಿತ್ತು. ಹೊನ್ನಯ್ಯನ ಹೆಸರು ಎಲ್ಲಿಯೂ ಇರಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. “ಜಲೀಲ್ ಸಾಬ್ರೇ, ನಿಮ್ಮದು ಕೈತಪ್ಪು. ಅದನ್ನ ಅಚ್ಚಿನಲ್ಲೇ ತಿದ್ದೋಣ. ಇದು ಮಾತ್ರ ಕೈತಪ್ಪಲ್ಲ.”

“ಈಗ ಏನ್ಮಾಡ್ತೀರಿ?”

“ಅವಸರ ಮಾಡೋದಿಲ್ಲ. ಇಂಥಾ ಮಾತು ಒಬ್ಬರ ಮೇಲೆ ಹೊರಿಸಿದ ಮೇಲೆ ವಾಪಸ್ ತಗೊಳ್ಳೋಕಾಗಲ್ಲ. ಮೊದಲು ಆ ಹೊನ್ನಯ್ಯನವರನ್ನ ನೋಡ್ಬೇಕು. ಅವರೇ ಇವರಿಂದ ತಗೊಂಡಿದ್ರೆ? ಅದೂ ಆಗಿರಬಹುದಲ್ಲ.”

ಜಲೀಲ್ ಸಾಬರಿಗೆ ಆ ಮಾತು ಹೊಳೆದೇ ಇರಲಿಲ್ಲ. ಕೋಪ ಬರಬೇಕಾದ ಹೊತ್ತಿನಲ್ಲಿ ಎರಡೂ ಕಡೆ ನೋಡುವ ಈ ಮನುಷ್ಯನನ್ನು ಅವರು ಹೊಸಬರನ್ನು ನೋಡುವಂತೆ ನೋಡಿದರು.

ಭಾನುವಾರ ಇಬ್ಬರೂ ಬೆಳಗಿನ ರೈಲಿನಲ್ಲಿ ಭದ್ರಾವತಿಗೆ ಹೋದರು. ಕಾರ್ಖಾನೆಯ ಹೊಗೆ ಸ್ಟೇಷನ್ನಿನ ಮೇಲೆಯೇ ಕವಿದುಕೊಂಡಿತ್ತು. ಕೆಲಸಗಾರರ ವಸತಿಸಾಲಿನಲ್ಲಿ ಒಂದು ಮನೆಯಿಂದ ತಮಿಳು, ಮತ್ತೊಂದರಿಂದ ತೆಲುಗು ಕೇಳಿಸುತ್ತಿತ್ತು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸೊಬ್ಬಳು ತಮಿಳು ಬೆರೆತ ಕನ್ನಡದಲ್ಲಿ ದಾರಿ ತೋರಿಸಿದಳು. “ಹೊನ್ನಯ್ಯ ಅಣ್ಣನಾ? ಮುಂದೆ ಎಲ್ಲಾ ಡಬ್ಬದಲ್ಲಿ ಮಣ್ಣು ಇಟ್ಟಿರೋ ಮನೆ.”

ಹೇಳಿದ ಹಾಗೇ ಇತ್ತು. ಗೋಡೆಯುದ್ದಕ್ಕೂ ಸೀಮೆಎಣ್ಣೆ ಡಬ್ಬಗಳಲ್ಲಿ ಬೇರೆಬೇರೆ ಬಣ್ಣದ ಮಣ್ಣು, ಅದರಲ್ಲಿ ಭತ್ತದ ಸಸಿ. ಹೊನ್ನಯ್ಯ ನಲವತ್ತರ ಸಣಕಲು ಆಳು. ಕಾಲೇಜಿನ ಮೇಷ್ಟ್ರು ತನ್ನ ಮನೆಗೆ ಬಂದದ್ದಕ್ಕೆ ಗಾಬರಿಯಾಗಿ ಹೆಂಡತಿ ಪುಷ್ಪಮ್ಮನನ್ನು ಕಾಫಿಗೆ ಅವಸರಪಡಿಸಿದ. ಮೇಷ್ಟ್ರು ಪ್ರೊಫೆಸರರ ವಿಷಯ ಬಾಯಿಬಿಡಲಿಲ್ಲ. “ನಿಮ್ಮ ಕಿಟ್ಟದ ಪ್ರಯೋಗ ಹೇಗೆ ಮಾಡಿದ್ರಿ ಹೇಳಿ” ಎಂದಷ್ಟೇ ಕೇಳಿದರು.

ಹೊನ್ನಯ್ಯ ಹೇಳತೊಡಗಿದ. ಊರ ಹೊರಗೆ ಅಣ್ಣ ಸಿದ್ದಯ್ಯನ ಗದ್ದೆ. ಒಂದೊಂದು ಗುಂಟೆಯ ಐದು ಮಡಿ. ಕಾರ್ಖಾನೆಯ ಅನುಮತಿ ಪಡೆದು ಸೈಕಲ್ಲಿನ ಮೇಲೆ ಕಿಟ್ಟ ಹೊತ್ತು ತಂದದ್ದು, ಅದನ್ನು ಒನಕೆಯಿಂದ ಕುಟ್ಟಿದ್ದು. ಮಾತಿಗೆ ಮಾತು ಸೇರಿದಂತೆ ಅವನ ಗಾಬರಿ ಹೋಯಿತು. ಟ್ರಂಕಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದ. ಕಿಟ್ಟದ ಪುಡಿ, ಮಳೆ, ಕಳೆ, ಕೊಯ್ಲು ಎಲ್ಲ ತಾರೀಖಿನ ಸಮೇತ ಅದರಲ್ಲಿತ್ತು. ಜಲೀಲ್ ಸಾಬರು ಬಗ್ಗಿ ಕೋಷ್ಟಕ ನೋಡಿದರು. ಮೂರನೆಯ ಮಡಿ, ಮೂವತ್ತೊಂಬತ್ತು ಸೇರು. ದುಂಡಗೆ, ಸ್ಪಷ್ಟವಾಗಿ ಬರೆದಿತ್ತು.

ಅವರಿಗೆ ತಡೆಯಲಾಗಲಿಲ್ಲ. “ಹೊನ್ನಯ್ಯನವರೇ, ನಿಮ್ಮ ಲೇಖನದಲ್ಲಿ ಇದು ಮೂವತ್ತಾರು ಅಂತ ಬಿದ್ದಿತ್ತು. ಜೋಡಿಸಿದವನು ನಾನು. ಆವತ್ತೇ ಗೊತ್ತಾಗಿತ್ತು, ಹೇಳಲಿಲ್ಲ.”

ಹೊನ್ನಯ್ಯ ಅವರ ಮುಖ ನೋಡಿ ನಕ್ಕುಬಿಟ್ಟ. “ಅಯ್ಯೋ ಸಾಬ್ರೇ, ನಾನು ಕಾಗದಕ್ಕೆ ಇಳಿಸಿ ಕೊಡೋವಾಗ ನಾನೇ ತಪ್ಪು ಬರೆದೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ನಮ್ಮತ್ತಿಗೆ ನಂಜಮ್ಮ ಅಂತೂ ನನ್ನ ಬಿಡಲೇ ಇಲ್ಲ. ಭತ್ತ ಸೇರಲ್ಲಿ ಅಳೆದೋಳು ಅವಳು. ‘ನಾನು ಅಳೆದ ಮೂರು ಸೇರು ಎಲ್ಲಿ ಚೆಲ್ಲಿ ಬಂದೆ ಮಾರಾಯ’ ಅಂತ ಕೇಳ್ತಾನೇ ಇದ್ದಾಳೆ.”

ಆಮೇಲೆ ಮೇಷ್ಟ್ರು ಹಸ್ತಪ್ರತಿಯನ್ನು ಹೊರಗೆ ತೆಗೆದರು. ಹೊನ್ನಯ್ಯ ಓದಿದ. ಓದುತ್ತ ಓದುತ್ತ ಅವನ ಮುಖ ಬಾಡಿತು. ಹಸ್ತಪ್ರತಿ ಕೆಳಗಿಟ್ಟು, “ಇವರು ನಮ್ಮ ವಾರ್ಷಿಕೋತ್ಸವಕ್ಕೆ ಬಂದಿದ್ರು ಸಾರ್. ನಾನೇ ಸಂಚಿಕೆ ಕೈಗೆ ಕೊಟ್ಟೆ. ದೊಡ್ಡವರು ಓದಿ ಏನಾದ್ರೂ ಹೇಳ್ತಾರೆ ಅಂತ ಕಾದಿದ್ದೆ” ಎಂದ. ಅದಕ್ಕಿಂತ ಹೆಚ್ಚಿಗೆ ಅವನು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಪುಷ್ಪಮ್ಮ ಕಾಫಿಯ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಶಿವಮೊಗ್ಗಕ್ಕೆ ಬಂದು ಮೇಷ್ಟ್ರು ಪ್ರೊಫೆಸರರಿಗೆ ಕಾಗದ ಬರೆದರು. ಆರೋಪದ ಒಂದು ಪದವೂ ಅದರಲ್ಲಿರಲಿಲ್ಲ. ಎರಡು ಲೇಖನಗಳ ಹೋಲಿಕೆಯನ್ನು ಸಾಲುಸಾಲಾಗಿ ಬರೆದು, ಇದಕ್ಕೆ ತಮ್ಮ ವಿವರಣೆಯನ್ನು ಹದಿನೈದು ದಿನದೊಳಗೆ ಕೊಡಬೇಕೆಂದು ಕೇಳಿದರು. ಅಲ್ಲಿಯವರೆಗೆ ವಿಷಯ ತಾವು, ಜಲೀಲ್ ಸಾಬರು, ಹೊನ್ನಯ್ಯ, ಅವರಿಬ್ಬರ ಹೆಂಡಂದಿರು, ಯಜಮಾನ ಶಿವಮೂರ್ತಪ್ಪ, ಇಷ್ಟು ಜನರಿಂದ ಹೊರಗೆ ಹೋಗಬಾರದೆಂದು ಮಾತು ತೆಗೆದುಕೊಂಡರು.

ಶಿವಮೂರ್ತಪ್ಪನವರಿಗೆ ಬೇರೆಯದೇ ಚಿಂತೆ. “ಜಲೀಲ, ನಾಲ್ಕು ವರ್ಷ ಮುಚ್ಚಿಟ್ಟೆಯಲ್ಲ ಮಾರಾಯ. ಹೇಳಿದ್ರೆ ನಾನೇನು ನಿನ್ನ ನುಂಗ್ತಿದ್ನಾ?” ಎಂದು ಗದರಿದರು. ಗದರಿದ ಮೇಲೆ ಎಲೆ ಅಡಿಕೆಯ ತಟ್ಟೆಯನ್ನು ಅವರೇ ಮುಂದಕ್ಕೆ ತಳ್ಳಿದರು.

ಹದಿನಾಲ್ಕನೆಯ ದಿನ ಉತ್ತರ ಬಂತು. ಟೈಪು ಮಾಡಿದ ಎರಡು ಪುಟ. ಕಾರ್ಖಾನೆಯ ಸಮಾರಂಭದಲ್ಲಿ ತಾವು ಮಾಡಿದ ಭಾಷಣವನ್ನು ಕೇಳಿ ಆ ಕೆಲಸಗಾರನೇ ಬರೆದುಕೊಂಡಿರಬಹುದು ಎಂದು ಅದರಲ್ಲಿತ್ತು. ಮೇಷ್ಟ್ರು ಓದಿ ಜಲೀಲ್ ಸಾಬರ ಕೈಗೆ ಕೊಟ್ಟರು.

“ಸಮಾರಂಭದ ದಿನ ಸಂಚಿಕೆ ಅಚ್ಚಾಗಿ ಅವರ ಕೈಲೇ ಇತ್ತಲ್ಲ ಮೇಷ್ಟ್ರೇ! ಭಾಷಣ ಕೇಳಿ ಬರೆದದ್ದು ಭಾಷಣಕ್ಕೆ ಮೊದಲೇ ಹೇಗೆ ಅಚ್ಚಾಯ್ತು?” ಜಲೀಲ್ ಸಾಬರ ದನಿ ಏರಿತ್ತು. “ಈಗಲಾದರೂ ಪತ್ರಿಕೆಯಲ್ಲಿ ಹಾಕಿಬಿಡಿ. ಹೆಸರು ಸಮೇತ. ಎರಡು ಗಂಟೇಲಿ ಜೋಡಿಸಿಕೊಡ್ತೀನಿ.”

“ಇನ್ನೊಂದು ಸಲ ಕೇಳೋಣ” ಎಂದರು ಮೇಷ್ಟ್ರು. ಈ ಸಲ ಕಾಗದದಲ್ಲಿ ಒಂದೇ ವಾಕ್ಯ ಬರೆದರು: ‘ದಯವಿಟ್ಟು ತಮ್ಮ ಕೋಷ್ಟಕದ ಐದು ಅಂಕಿಗಳನ್ನು ಕೂಡಿ ನೋಡಿ, ಮೂಲ ದಾಖಲೆಯೊಂದಿಗೆ ತಿಳಿಸಬೇಕಾಗಿ ವಿನಂತಿ.’

ಉತ್ತರದ ಬದಲು ಪ್ರೊಫೆಸರರೇ ಬಂದರು. ಒಂದು ಶನಿವಾರ ಬೆಳಿಗ್ಗೆ ಬಾಡಿಗೆ ಕಾರು ಕೋಟೆಯ ಬೀದಿಯಲ್ಲಿ ನಿಂತಿತು. ಮೇಷ್ಟ್ರು ಪ್ರೂಫ್ ನೋಡುತ್ತ ಕೂತಿದ್ದರು. ಜಲೀಲ್ ಸಾಬರು ಎದ್ದು ಹೊರಗೆ ಹೋಗಲು ನೋಡಿದಾಗ ಮೇಷ್ಟ್ರು, “ನೀವು ಇಲ್ಲೇ ಇರಿ” ಎಂದರು.

ಪ್ರೊಫೆಸರರು ಸುತ್ತಿ ಬಳಸಿ ಮಾತಾಡಿದರು. ತಮಗೆ ಪುರುಸೊತ್ತಿಲ್ಲ, ಶಿಷ್ಯನೊಬ್ಬ ಬರೆದುಕೊಟ್ಟದ್ದನ್ನು ನಂಬಿ ಸಹಿ ಹಾಕಿದ್ದು, ಹಸ್ತಪ್ರತಿ ವಾಪಸು ಕೊಟ್ಟರೆ ಇದನ್ನು ಇಲ್ಲಿಗೇ ಮುಗಿಸಬಹುದು.

“ಶಿಷ್ಯ ಬರೆದದ್ದಾದರೆ ಮೇಲೆ ಶಿಷ್ಯನ ಹೆಸರು ಯಾಕಿಲ್ಲ?” ಎಂದು ಮೇಷ್ಟ್ರು ಮೆತ್ತಗೆ ಕೇಳಿದರು.

ಯಂತ್ರ ನಿಂತಿತ್ತು. ಬೀದಿಯಲ್ಲಿ ಜಟಕಾವೊಂದು ಗಂಟೆ ಬಾರಿಸುತ್ತ ಹೋಯಿತು. ಮೇಷ್ಟ್ರು ಹೊನ್ನಯ್ಯನಿಂದ ಕೇಳಿ ತಂದಿದ್ದ ನೋಟ್‌ಬುಕ್ಕನ್ನು ಪ್ರೊಫೆಸರರ ಮುಂದೆ ತೆರೆದಿಟ್ಟರು. “ಇವರು ಮೂವತ್ತೊಂಬತ್ತು ಅಂತ ಬರೆದರು. ನಮ್ಮ ಜಲೀಲ್ ಸಾಬರು ತಪ್ಪಿ ಮೂವತ್ತಾರು ಅಂತ ಜೋಡಿಸಿದರು. ಅದನ್ನು ಒಪ್ಪಿಕೊಂಡು ಹೇಳೋಕೆ ಅವರೇ ನನ್ನ ಮನೆಗೆ ಬಂದರು. ನಿಮ್ಮ ಕಾಗದದಲ್ಲೂ ಮೂವತ್ತಾರೇ ಇದೆ.”

ಪ್ರೊಫೆಸರರು ಮೊದಲ ಸಲ ಜಲೀಲ್ ಸಾಬರ ಕಡೆ ತಿರುಗಿ ನೋಡಿದರು. ಸೀಸದ ಮಸಿ ಹಿಡಿದ ಕೈಗಳನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿದರು.

ಜಲೀಲ್ ಸಾಬರಿಗೆ ಆ ಕ್ಷಣ ಗೆಲುವಿನ ಸಂತೋಷವಾಗಬೇಕಿತ್ತು. ಆಗಲಿಲ್ಲ. ತಾನೂ ನಾಲ್ಕು ವರ್ಷ ಹೀಗೇ ತಲೆ ತಗ್ಗಿಸಿಕೊಂಡು ಇದ್ದವನಲ್ಲವೇ ಎನ್ನಿಸಿತು.

ಮೇಷ್ಟ್ರು ಹೇಳಿದ್ದು ಮೂರೇ ಮಾತು. ಲೇಖನವನ್ನು ತಿರಸ್ಕರಿಸಿ, ಕಾರಣವನ್ನು ಕಡತದಲ್ಲಿ ಬರೆದಿಡುತ್ತೇನೆ. ಸಲಹಾ ಸಮಿತಿಯಿಂದ ತಾವೇ ಹಿಂದೆ ಸರಿಯಬೇಕು. ಹೊನ್ನಯ್ಯನವರಿಗೆ ಸ್ವಂತ ಕೈಯಲ್ಲಿ ಒಂದು ಕಾಗದ ಬರೆಯಬೇಕು. “ಇಷ್ಟಾದರೆ ಈ ಪ್ರೆಸ್ಸಿನಿಂದ ನಿಮ್ಮ ಹೆಸರು ಹೊರಗೆ ಹೋಗೋದಿಲ್ಲ. ಬೇರೆ ಪತ್ರಿಕೆಗೆ ಇದೇ ಲೇಖನ ಹೋಯ್ತು ಅಂತ ಗೊತ್ತಾದ ದಿನ ಮಾತ್ರ ನಾನು ಸುಮ್ಮನಿರೋನಲ್ಲ.”

ಪ್ರೊಫೆಸರರು ಅಲ್ಲೇ ಕೂತು ಹೊನ್ನಯ್ಯನಿಗೆ ಕಾಗದ ಬರೆದರು. ಬರೆಯುವಾಗ ಎರಡು ಸಲ ಹಾಳೆ ಹರಿದರು.

ಅವರ ಕಾರು ಹೋದ ಮೇಲೆ ಜಲೀಲ್ ಸಾಬರು ಕೇಳಿದರು, “ಅವರನ್ನ ಅಷ್ಟು ಸುಲಭಕ್ಕೆ ಬಿಟ್ರಲ್ಲ ಮೇಷ್ಟ್ರೇ?”

“ಸುಲಭಾನಾ? ಆ ಕಾಗದ ಬರೆಯೋದು ನೋಡಿದ್ರಲ್ಲ” ಎಂದರು ಮೇಷ್ಟ್ರು. ಪ್ರೂಫ್ ಹಾಳೆಗಳನ್ನು ಜೋಡಿಸಿಕೊಳ್ಳುತ್ತ, “ತಪ್ಪು ನಂದೂ ಇದೆ. ಲೇಖನ ಬಂದಾಗ ನೋಟ್‌ಬುಕ್ ತೋರಿಸಿ ಅಂತ ನಾನು ಕೇಳಬೇಕಿತ್ತು. ದೊಡ್ಡವರು, ಹೇಗೆ ಕೇಳೋದು ಅಂತ ಬಿಟ್ಟೆ. ಅಂಕಿ ಕೂಡಿ ನೋಡೋ ಕೆಲಸಾನೂ ನಾನು ಮಾಡಲಿಲ್ಲ, ಓದಿದ ಆ ಇಬ್ಬರೂ ಮಾಡಲಿಲ್ಲ” ಎಂದರು.

ಜುಲೈ ಸಂಚಿಕೆಯಲ್ಲಿ ಹೊನ್ನಯ್ಯನ ಲೇಖನ ಬಂತು. ಬರೀ ಹಳೆಯದಲ್ಲ, ಆಮೇಲಿನ ಮೂರು ವರ್ಷವೂ ಅವನು ಅದೇ ಮಡಿಗಳಲ್ಲಿ ಪ್ರಯೋಗ ಮುಂದುವರಿಸಿದ್ದ. ಮೊದಲ ವರ್ಷದ ಫಲಿತಾಂಶ ಹಿಂದೆ ಎಲ್ಲಿ ಅಚ್ಚಾಗಿತ್ತು ಎಂಬುದನ್ನು ಮೇಷ್ಟ್ರು ಅಡಿಯಲ್ಲಿ ಹಾಕಿಸಿದರು. ಅದರ ಕೆಳಗೆ ತಿದ್ದುಪಡಿ: ‘ಹಿಂದಿನ ಮುದ್ರಣದಲ್ಲಿ ಮೂರನೆಯ ಮಡಿಯ ಇಳುವರಿ ೩೬ ಸೇರು ಎಂದು ಬಿದ್ದಿದ್ದು ಅಚ್ಚಿನ ತಪ್ಪು, ಅದು ೩೯ ಆಗಬೇಕು.’ ಆ ಎರಡು ಸಾಲನ್ನು ಜಲೀಲ್ ಸಾಬರು ತಾವೇ ಜೋಡಿಸಿ, ಒಂದಕ್ಕೆ ಮೂರು ಸಲ ಪ್ರೂಫ್ ನೋಡಿದರು.

ಅದೇ ಸಂಚಿಕೆಯ ಒಳಹೊದಿಕೆಯ ಮೇಲೆ ಲೇಖಕರಿಗೆ ಹೊಸ ಸೂಚನೆ ಇತ್ತು. ಪ್ರಯೋಗ ಎಲ್ಲಿ, ಯಾವಾಗ, ಯಾರ ಕೈಯಿಂದ ನಡೆಯಿತೆಂದು ಬರೆಯಬೇಕು. ಇನ್ನೊಬ್ಬರಿಂದ ಪಡೆದ ಮಾತಿಗೂ ಅಂಕಿಗೂ ಅವರ ಹೆಸರು ಹಾಕಬೇಕು. ಕೇಳಿದಾಗ ಮೂಲ ದಾಖಲೆ ತೋರಿಸಬೇಕು. ಇದು ತಮ್ಮದೇ ಬರಹವೆಂದು ಸಹಿ ಮಾಡಬೇಕು. ದೊಡ್ಡವರಿಗೂ ಸಣ್ಣವರಿಗೂ ಇದೇ ನಿಯಮ. ಕೆಲವರು ಮುನಿಸಿಕೊಂಡರು. ಚಂದಾದಾರರು ಇಪ್ಪತ್ತು ಮೂವತ್ತು ಮಂದಿ ಬಿಟ್ಟುಹೋದರು. ಮೇಷ್ಟ್ರು ಕೊಡೆ ಹಿಡಿದು ಎಂದಿನಂತೆ ನಡೆದು ಬಂದರು.

ಸಂಚಿಕೆಗಳನ್ನು ಹೊನ್ನಯ್ಯನಿಗೆ ತಲುಪಿಸಲು ಜಲೀಲ್ ಸಾಬರು ಹಫೀಜಾಳನ್ನೂ ಕರೆದುಕೊಂಡು ಭದ್ರಾವತಿಗೆ ಹೋದರು. ಸಿದ್ದಯ್ಯ, ನಂಜಮ್ಮ ಇಬ್ಬರೂ ಅಂದು ಅಲ್ಲಿಗೆ ಬಂದಿದ್ದರು. ಲೇಖನದ ಕೊನೆಯಲ್ಲಿ ಹೊನ್ನಯ್ಯ, ಗದ್ದೆ ಕೊಟ್ಟ ಅಣ್ಣನನ್ನೂ ನಾಲ್ಕು ವರ್ಷ ಭತ್ತ ಅಳೆದ ಅತ್ತಿಗೆಯನ್ನೂ ಹೆಸರು ಹಿಡಿದು ನೆನೆದಿದ್ದ. ನಂಜಮ್ಮನಿಗೆ ಓದು ಬಾರದು. ಹಫೀಜಾ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು.

“ಇಷ್ಟು ಸಣ್ಣಕ್ಕಿದೆಯಲ್ಲೇ ಮಾರಾಯ್ತಿ! ಅಳೆದು ಅಳೆದು ನನ್ನ ಸೊಂಟ ಬಿದ್ದುಹೋಗಿದೆ” ಎಂದು ನಂಜಮ್ಮ ಬೈದಳು. ಬೈಯುತ್ತಲೇ ಪುಸ್ತಕವನ್ನು ಇಸಿದುಕೊಂಡು ಸೆರಗಿನಿಂದ ಒರೆಸಿದಳು.

ಅಂದಿನಿಂದ ಮೇಷ್ಟ್ರು ಪ್ರತಿ ಹಸ್ತಪ್ರತಿಯನ್ನೂ ಹೊರಗಿನವರಿಗೆ ಕಳಿಸುವ ಮೊದಲು ಜಲೀಲ್ ಸಾಬರ ಮುಂದಿಡುತ್ತಿದ್ದರು. ಮರುವರ್ಷ ಶಾಮಲಾ ಎಂಬ ಹೊಸ ಅಧ್ಯಾಪಕಿಯ ಲೇಖನದಲ್ಲಿ ಒಂದಿಡೀ ಪ್ಯಾರಾ ಮೇಷ್ಟ್ರ ಹಳೆಯ ಲೇಖನದ್ದೇ ಎಂದು ಸಾಬರು ಗುರುತಿಸಿದರು. ಮೇಷ್ಟ್ರು ಆಕೆಯನ್ನು ಕರೆಸಿದರು. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡಳು; ಚೆನ್ನಾಗಿದ್ದದ್ದನ್ನು ಬರೆದುಕೊಳ್ಳುವುದು ತಪ್ಪೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಷ್ಟ್ರು ಅವಳನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಇನ್ನೊಬ್ಬರ ಮಾತನ್ನು ಎಲ್ಲಿ ಹೇಗೆ ಹೆಸರಿಸಬೇಕೆಂದು ಬೆಳಗಿನಿಂದ ಊಟದ ಹೊತ್ತಿನವರೆಗೆ ಹೇಳಿಕೊಟ್ಟರು.

ಹೊರಡುವಾಗ ಆಕೆ ಜಲೀಲ್ ಸಾಬರ ಹತ್ತಿರ ನಿಂತಳು. “ಅಷ್ಟು ಹಳೇದು ನಿಮಗೆ ಹೇಗೆ ನೆನಪಿತ್ತು?”

“ಒಬ್ಬರು ಬರೀತಾ ಇರೋವಾಗ ನಡುವೆ ಇನ್ನೊಬ್ಬರ ಮಾತು ಬಂದ್ರೆ ಕೈಗೆ ಗೊತ್ತಾಗತ್ತಮ್ಮ” ಎಂದರು ಸಾಬರು. “ನಿಮ್ಮದೇ ಮಾತು ಚೆನ್ನಾಗಿದೆ. ಅದನ್ನೇ ಬರೀರಿ.”

ತಿಂಗಳೊಪ್ಪತ್ತಿನಲ್ಲಿ ಆಕೆ ಲೇಖನವನ್ನು ಹೊಸದಾಗಿ ಬರೆದು ತಂದಳು. ಅಡಿಯಲ್ಲಿ, ತಾನು ಮಾತು ಪಡೆದ ನಾಲ್ಕು ಜನರ ಹೆಸರಿತ್ತು. ಅದು ಜನವರಿ ಸಂಚಿಕೆಯಲ್ಲಿ ಅಚ್ಚಾಯಿತು.